ಖಾಲಿ ಅಂಗೈಯ ಸಿನಿಮಾ

ಆ ಕಿರುಚಿತ್ರದಲ್ಲಿ ಕಾಣುವ ಕೈ ನನ್ನದು. ದನಿಯೂ ನನ್ನದೇ. ಮಾತು ಮಾತ್ರ ನನ್ನದಲ್ಲ — ಕದ್ದಿದ್ದು. ಕದ್ದೆ ಅನ್ನುವುದೂ ಪೂರ್ತಿ ಸರಿಯಲ್ಲವೇನೋ. ನನ್ನನ್ನು ನಂಬಿ ಒಬ್ಬಳು ಇಟ್ಟುಕೋ ಎಂದು ಕೊಟ್ಟಿದ್ದನ್ನು ನಾನು ಊರಿಗೆಲ್ಲ ಹಂಚಿದೆ. ಹಂಚಿದ್ದು ಸಾಲದೆ, ಹಂಚಿದವರು ಬೇರೆಯವರು ಎಂದು ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಿಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. ಮೊಬೈಲಿನಿಂದ ಮೊಬೈಲಿಗೆ ಬಹಳ ಓಡಾಡಿತು. ಪಾಳುಬಿದ್ದ ಒಂದು ಶೆಡ್ಡು. ಮೂಲೆಯಲ್ಲಿ ನಮಗೆ ಬೆನ್ನು ಮಾಡಿ ಕೂತ ಹೆಂಗಸು. ಎಡಗೈಯನ್ನು ಮುಖದ ಎದುರಿಗೆ ಎತ್ತಿ ಹಿಡಿದು ಖಾಲಿ ಅಂಗೈಯ ಜೊತೆ ಮಾತಾಡುತ್ತಾಳೆ. ಬೇರೇನೂ ಆಗುವುದಿಲ್ಲ. ಯಾರೂ ಕಿರುಚುವುದಿಲ್ಲ, ರಕ್ತ ಇಲ್ಲ. ಕೊನೆಯಲ್ಲಿ ಕ್ಯಾಮೆರಾ ತೀರಾ ಹತ್ತಿರ ಹೋದಾಗ ಒಂದೇ ಒಂದು ಮಾತು ಕೇಳುತ್ತದೆ — "ಬೆಳಕಾಯ್ತು ಕಂದಾ, ಕಣ್ ಬುಡು." ಅಷ್ಟೇ. ಕತ್ತಲೆ.

ಮೈ ಜುಮ್ಮೆಂದಿತು, ಸ್ನಾನದ ಮನೆಗೆ ಹೋಗಲು ಹೆದರಿಕೆಯಾಯಿತು, ಈ ಹುಚ್ಚಿ ಯಾರು — ಎಂದೆಲ್ಲ ಚಿತ್ರದ ಕೆಳಗೆ ಬರೆದಿದ್ದಿರಲ್ಲ, ಈ ಬರಹ ನಿಮಗಾಗಿ.

ನಾನು ತುಮಕೂರಿನ ಸದಾಶಿವನಗರದಲ್ಲಿರುವ ಒಬ್ಬ ಗೃಹಿಣಿ. ಹೆಸರು ಗೌರಿ. ಯಜಮಾನರದು ಪಂಪ್‌ಸೆಟ್ಟಿನ ಅಂಗಡಿ. ಬೆಳಿಗ್ಗೆ ಎದ್ದರೆ ಸ್ನಾನ, ವಿಭೂತಿ, ಇಷ್ಟಲಿಂಗದ ಪೂಜೆ, ಆಮೇಲೆ ಒಲೆ. ದೊಡ್ಡ ದೊಡ್ಡ ವರ ಕೇಳುವ ಅಭ್ಯಾಸ ನನಗಿಲ್ಲ. ನಲ್ಲಿಯಲ್ಲಿ ನೀರು ಬಂತು — ಶಿವ ದೊಡ್ಡವನು. ಯಜಮಾನರ ಶುಗರ್ ಹಿಂದಿನ ಸಲಕ್ಕಿಂತ ಕಮ್ಮಿ ಬಂತು — ಶಿವ ದೊಡ್ಡವನು. ಮಂಡಿನೋವು ಇವತ್ತು ಮೆಟ್ಟಿಲು ಹತ್ತಲು ಬಿಟ್ಟಿತು, ಒಣಗಿಹಾಕಿದ ಬಟ್ಟೆ ಒಳಗೆ ತಂದ ಮೇಲೆ ಮಳೆ ಬಂತು. ಹೀಗೆ ಸಣ್ಣಸಣ್ಣದನ್ನು ಲೆಕ್ಕ ಇಟ್ಟುಕೊಂಡೇ ಇಷ್ಟು ವರ್ಷ ಕಳೆದವಳು.

ಇಂಥವಳಿಗೆ ಹೆದರಿಕೆಯ ಸಿನಿಮಾ ಯಾಕೆ ಬೇಕಿತ್ತು ಎಂದು ಕೇಳಬಹುದು. ನಾನೂ ಬಹಳ ಕೇಳಿಕೊಂಡಿದ್ದೇನೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಹಜಾರದ ಚಾಪೆಯ ಮೇಲೆ ಕಾಲು ಚಾಚಿ, ಕಿವಿಗೆ ವೈರು ಸಿಕ್ಕಿಸಿಕೊಂಡರೆ — ಅದೇ ನನ್ನ ಹೊತ್ತು. ಚಿಕ್ಕಚಿಕ್ಕ ಚಿತ್ರಗಳು. ದೆವ್ವ ಬರುವಂಥವಲ್ಲ, ಅವು ನನಗೆ ನಗು ತರಿಸುತ್ತವೆ. ಏನೂ ಬರದಂಥವು. ಅರ್ಧ ತೆರೆದ ಬಾಗಿಲು. ಯಾರೂ ಇಲ್ಲದ ಮನೆಯಲ್ಲಿ ಯಾರೋ ಹಾಸಿದ ಹಾಸಿಗೆ. ಕನ್ನಡಿಯಲ್ಲಿ ತನ್ನನ್ನೇ ನೋಡಿ ಗುರುತು ಸಿಗದೆ ನಿಂತ ಮನುಷ್ಯ. ನಿಜವಾದ ಹೆದರಿಕೆಗಳಿಗೆ ಕೊನೆ ಅನ್ನುವುದಿಲ್ಲ — ಗಂಡನ ಆರೋಗ್ಯ, ಮಗಳ ಮುಂದಿನ ಬಾಳು, ಕಾಲಿನ ಊತ — ಅವು ಮಲಗಿ ಎದ್ದರೂ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತವೆ. ಈ ಹೆದರಿಕೆ ಹಾಗಲ್ಲ. ಕಾಲು ಗಂಟೆಗೆ ಮುಗಿಯುತ್ತದೆ. ಮುಗಿದ ಮೇಲೆ ನಮ್ಮ ಅಡುಗೆಮನೆಯೂ ಕಿಟಕಿಯಿಂದ ಬೀಳುವ ಬಿಸಿಲೂ ಯಾರೋ ಹೊಸದಾಗಿ ಕೊಟ್ಟ ಹಾಗೆ ಕಾಣುತ್ತವೆ. ದಣಿದವಳಿಗೆ ಅದೊಂದು ಸುಖ.

ಪಾಳುಬಿದ್ದ ಜಾಗಗಳ ಮೇಲೂ ನನಗೆ ಅದೇ ಆಸೆ. ದೇವರಾಯನದುರ್ಗಕ್ಕೆ ಹೋದರೆ ಎಲ್ಲರೂ ಬೆಟ್ಟ ನೋಡಿದರೆ ನಾನು ದಾರಿಬದಿಯ ಕಾಡಿನೊಳಗೆ ಚಾವಣಿ ಕುಸಿದ ಹಳೇ ಕ್ವಾರ್ಟರ್ಸು ನೋಡುವವಳು. "ಸ್ವಲ್ಪ ನಿಧಾನಕ್ಕೆ ಓಡ್ಸ್ರೀ" ಅನ್ನುತ್ತಿದ್ದೆ. ಯಜಮಾನರು, "ಏನೇ ಅದು, ದೇವ್ರು ಬೆಟ್ಟದ್ ಮ್ಯಾಲವ್ನೆ, ನೀನು ದೆವ್ವದ ಮನೆ ನೋಡ್ತೀಯ!" ಎಂದು ನಗುತ್ತಿದ್ದರು. ಮಗಳು ಮೇಘನಾಗೂ ನನ್ನಿಂದಲೇ ಆ ಚಟ ಹತ್ತಿತು. ಅವಳು ಕಾಲೇಜಿನಲ್ಲಿ ಸ್ನೇಹಿತೆಯರನ್ನು ಕಟ್ಟಿಕೊಂಡು ತಾನೇ ಚಿತ್ರ ತೆಗೆಯುತ್ತೇನೆ ಎಂದಾಗ ನನಗೆ ಆದ ಹೆಮ್ಮೆ — ಅಲ್ಲಿಂದಲೇ ಶುರು.

ಈಗ ಅಕ್ಕನ ವಿಷಯ. ಅಕ್ಕ ಅಂದರೆ ನನ್ನ ಓರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ಹೆಸರು ಬರೆಯುವುದಿಲ್ಲ. ಗುಬ್ಬಿ ತಾಲ್ಲೂಕು, ಸಿ.ಎಸ್. ಪುರದ ಕಡೆ ಒಂದು ಹಳ್ಳಿ, ಅಷ್ಟು ಸಾಕು. ಭಾವ ಬೇಸಾಯ ನೋಡಿಕೊಳ್ಳುತ್ತಾರೆ. ಮಕ್ಕಳಿಲ್ಲ. ಒಂದು ಆಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬರುವ ಮೊದಲಿನ ಮಾತು.

ನಮ್ಮಲ್ಲಿ ಬಸುರಿಗೆ ಎಂಟನೇ ತಿಂಗಳಲ್ಲಿ, ಹೊಟ್ಟೆಯೊಳಗಿನ ಮಗುವಿಗೆಂದೇ ಒಂದು ಲಿಂಗ ತಂದು ಮಠದ ಅಯ್ಯನೋರು ತಾಯಿಗೆ ಕಟ್ಟುತ್ತಾರೆ. ಮಗು ಹುಟ್ಟಿದ ಮೇಲೆ ಅದು ಮಗುವಿನದು. ಬದುಕಿದಷ್ಟು ಕಾಲ ಮೈಮೇಲೆ, ಹೋದಾಗ ಜೊತೆಯಲ್ಲೇ ಮಣ್ಣಿಗೆ. ಅಕ್ಕನಿಗೂ ಕಟ್ಟಿದರು. ಮಗು ಗುಬ್ಬಿಯ ಆಸ್ಪತ್ರೆಯಲ್ಲಿ ಹುಟ್ಟಿತು, ಕಣ್ಣೇ ಬಿಡಲಿಲ್ಲ. ತಾಯಿಗೆ ಎಚ್ಚರವಿರಲಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿ ತಂದು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಆ ಗಾಬರಿಯಲ್ಲಿ ಮಗುವಿನ ಲಿಂಗ ಎಲ್ಲಿ ಎಂದು ಯಾರಿಗೂ ನೆನಪಾಗಲಿಲ್ಲ. ಅದು ಅಕ್ಕನ ಕೊರಳಿನಲ್ಲೇ, ಅವಳದರ ಜೊತೆಗೇ ಇತ್ತು. ಆಮೇಲೆ ಅವಳು ಹೇಳಲಿಲ್ಲ.

ನನಗೆ ಗೊತ್ತಾದದ್ದು ನಮ್ಮ ಅತ್ತೆಯ ಕೊನೆಗಾಲದಲ್ಲಿ. ಆರೈಕೆಗೆಂದು ಹೋಗಿ ಅಲ್ಲೇ ಉಳಿದಿದ್ದೆ. ಒಂದು ಬೆಳಿಗ್ಗೆ ಬಿಸಿನೀರು ಕೇಳಲು ಹೋದವಳು ಅಕ್ಕನ ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ಪೂಜೆಗೆ ಕೂತಿದ್ದಳು. ಎಡಗೈಯಲ್ಲಿ ಲಿಂಗ ಇಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ಅದನ್ನೇ ದಿಟ್ಟಿಸುತ್ತ — ನಾವೆಲ್ಲ ಕೂರುವ ಹಾಗೇ. ಆದರೆ ಅವಳ ಪೂಜೆ ಮುಗಿದಿತ್ತು, ಅವಳ ಲಿಂಗ ಕೊರಳಿಗೆ ಹೋಗಿತ್ತು. ಕೈಯಲ್ಲಿದ್ದದ್ದು ಇನ್ನೊಂದು. ಅದಕ್ಕೆ ವಿಭೂತಿ ಇಟ್ಟಳು, ಒಂದು ಹೂವಿನ ಎಸಳು ಇಟ್ಟಳು, ಬಾಗಿ ಮೆಲ್ಲಗೆ ಅಂದಳು: "ಬೆಳಕಾಯ್ತು ಕಂದಾ, ಕಣ್ ಬುಡು." ಪಕ್ಕದ ಮಂಚದಲ್ಲಿ ಭಾವ ಗೋಡೆ ಕಡೆ ತಿರುಗಿ ಮಲಗಿದ್ದರು.

ನನ್ನ ಬಳೆ ಸದ್ದಾಯಿತು. ಅಕ್ಕ ತಿರುಗಿದಳು. ಗದರಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು.

"ಮಣ್ಣಿಗೆ ಹೋಗ್ಬೇಕಿತ್ತು ಕಣೇ ಇದು. ತಪ್ಪು ಅಂತ ಗೊತ್ತು. ಆದ್ರೆ ಅದಕ್ಕೊಂದು ಹೆಸ್ರಿಲ್ಲ, ಫೋಟೋ ಇಲ್ಲ, ನಾನ್ ಮುಖಾನೂ ನೋಡಿಲ್ಲ. ಇದೊಂದೇ ಇರೋದು. ಇವ್ರು ಏಳೋ ಹೊತ್ಗೆ ಮುಗಿಸ್ಬುಡ್ತೀನಿ. ಯಾರ್ಗೂ ಹೇಳ್ಬ್ಯಾಡ ಗೌರಿ. ಹುಚ್ಚು ಅಂತಾರೆ. ಇಲ್ಲಾಂದ್ರೆ ಅಯ್ಯನೋರ್ನ ಕರ್ಸಿ ಕಿತ್ಕತಾರೆ."

ನಾನು ಎದೆಯ ಮೇಲಿನ ಲಿಂಗ ಮುಟ್ಟಿ, ಹೇಳುವುದಿಲ್ಲ ಎಂದೆ. ನಮ್ಮವರಿಗೆ ಅದರಾಚೆ ಬೇರೆ ಆಣೆಯಿಲ್ಲ.

ಬಹಳ ವರ್ಷ ಹೇಳಲಿಲ್ಲ. ಹೇಳಬೇಕು ಅಂತಲೂ ಅನಿಸಿರಲಿಲ್ಲ. ಹೇಳಿದ್ದು — ನಾಚಿಕೆಯಾಗುತ್ತದೆ — ಮಗಳು ನನ್ನ ಮಾತು ಕೇಳಿಸಿಕೊಳ್ಳಲಿ ಎಂಬ ಆಸೆಗೆ.

ಮೇಘನಾ ಒಂದು ಮಧ್ಯಾಹ್ನ ತಲೆ ಮೇಲೆ ಕೈ ಹೊತ್ತು ಅಡುಗೆಮನೆಯ ಕಟ್ಟೆ ಮೇಲೆ ಕೂತಿದ್ದಳು. ನಾನು ರೊಟ್ಟಿ ತಟ್ಟುತ್ತಿದ್ದೆ.

"ಕಥೆನೇ ಸಿಗ್ತಿಲ್ಲಮ್ಮ. ಎಲ್ರೂ ಬಿಳಿ ಸೀರೆ, ಕೂದ್ಲು ಬಿಟ್ಕೊಂಡಿರೋದು, ಅದೇ ಹೇಳ್ತಾರೆ. ನಂಗೆ ಸೈಕಲಾಜಿಕಲ್ ಬೇಕು. ಏನೂ ಆಗ್ಬಾರ್ದು, ಆದ್ರೂ ನೋಡೋರ್ಗೆ ಭಯ ಆಗ್ಬೇಕು."

"ಒಂದ್ ಹೆಂಗ್ಸು ಇದ್ಳು" ಅಂದೆ. "ನಮ್ ಕಡೆ. ಯಾರೋ."

ಯಾರೋ ಎಂದೆ. ಆ ಒಂದು ಮಾತಿನಿಂದ ಆಣೆ ಉಳಿಯಿತು ಎಂದುಕೊಂಡೆ. ಹೇಳುತ್ತಾ ಹೋದ ಹಾಗೆ ಮಗಳ ಕಣ್ಣು ದೊಡ್ಡದಾಯಿತು. ಮೊಬೈಲ್ ಪಕ್ಕಕ್ಕಿಟ್ಟಳು — ನನ್ನ ಮಾತಿಗಾಗಿ ಅವಳು ಮೊಬೈಲ್ ಪಕ್ಕಕ್ಕಿಟ್ಟಿದ್ದು ನನಗೆ ನೆನಪಿದ್ದ ಹಾಗೆ ಅದೇ ಮೊದಲು. "ಅಮ್ಮಾ, ನೋಡಿಲ್ಲಿ ನನ್ ಕೈ, ರೋಮ ಎದ್ದಿದೆ" ಎಂದಳು. ನನಗೂ ಒಂಥರಾ ಜುಮ್ಮೆಂದಿತು. ಅಕ್ಕ ಹೇಳಿದಾಗ ಅಳು ಬಂದಿತ್ತು. ನಾನು ಹೇಳಿದಾಗ ಅದೇ ವಿಷಯ ಭಯವಾಗಿತ್ತು. ಎರಡೂ ಒಂದೇ ಕೋಣೆ, ಒಂದೇ ಹೆಂಗಸು. ಒಳಗೆ ಕೂತು ನೋಡಿದರೆ ತಾಯಿ. ಬಾಗಿಲ ಸಂದಿಯಿಂದ ನೋಡಿದರೆ — ಅಷ್ಟೇ ವ್ಯತ್ಯಾಸ. ಅದು ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಬಾಯಿ ಮುಚ್ಚುತ್ತಿದ್ದೆನೋ ಇಲ್ಲವೋ, ಅದನ್ನೂ ಧೈರ್ಯವಾಗಿ ಹೇಳಲಾರೆ.

ಒಂದು ಷರತ್ತು ಮಾತ್ರ ಹಾಕಿದೆ. "ಲಿಂಗ ತೋರಿಸ್ಕೂಡ್ದು. ಅದು ಆಟದ ಸಾಮಾನಲ್ಲ." ಮೇಘನಾ ಒಂದು ಗಳಿಗೆ ಯೋಚಿಸಿ ಚಪ್ಪಾಳೆ ಹೊಡೆದಳು. "ಕೈ ಖಾಲಿ ಇರ್ಲಿ! ಖಾಲಿ ಕೈ ಜೊತೆ ಮಾತಾಡ್ಲಿ. ಇನ್ನೂ ಸಖತ್ತಾಗಿರತ್ತೆ." ಧರ್ಮ ಕಾಪಾಡಿದೆ ಎಂದು ನನಗೆ ಸಮಾಧಾನವಾಯಿತು. ಆ ದಿನದ ಸಣ್ಣ ದಯೆಗಳಲ್ಲಿ ಅದನ್ನೂ ಎಣಿಸಿಕೊಂಡೆ. ಲಿಂಗವನ್ನು ಮರೆಮಾಡಿ ಹೆಂಗಸನ್ನು ಬೀದಿಗೆ ತಂದಿದ್ದು ನನಗೆ ತಪ್ಪೆಂದು ಕಾಣಲಿಲ್ಲ.

ಚಿತ್ರ ತೆಗೆದದ್ದು ಕುಣಿಗಲ್ ಕಡೆ, ಮುಚ್ಚಿಹೋದ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ. ಗೂಡು ಬೇಯಿಸುತ್ತಿದ್ದ ತೊಟ್ಟಿಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಎಷ್ಟೋ ವರ್ಷದ ಹಿಂದೆ ಸತ್ತ ಹುಳುವಿನ ವಾಸನೆ ಗೋಡೆಗೆ ಇಳಿದುಹೋಗಿತ್ತು. ಹೆಂಚಿನ ತೂತಿನಿಂದ ಬಿಸಿಲು ಕೋಲುಕೋಲಾಗಿ ಬೀಳುತ್ತಿತ್ತು. ನಾನು ಹುಡುಗಿಯರಿಗೆಲ್ಲ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟವಳೇ — ಸತ್ಯ ಹೇಳುತ್ತೇನೆ — ಖುಷಿಯಾಯಿತು. ಜಾತ್ರೆಯಲ್ಲಿ ತೊಟ್ಟಿಲು ಹತ್ತಿ ಮೇಲಕ್ಕೆ ಹೋದಾಗ ಹೊಟ್ಟೆಯೊಳಗೆ ಆಗುತ್ತದಲ್ಲ, ಹಾಗೆ.

ಪಾತ್ರಕ್ಕೆ ಬಂದಿದ್ದ ಹುಡುಗಿ ಪಾಪ, ಒಳ್ಳೆಯವಳು. ಆದರೆ ಅವಳಿಗೆ ಕೈ ಹಿಡಿಯಲು ಬರಲಿಲ್ಲ. ಕನ್ನಡಿ ನೋಡುವ ಹಾಗೆ ಹಿಡಿದಳು, ಮೊಬೈಲು ಹಿಡಿದ ಹಾಗೆ ಹಿಡಿದಳು.

"ಅಯ್ಯೋ, ಸೆಲ್ಫಿ ತಗೊಳ್ತಿದ್ದೀಯೇನೇ?" ಎಂದು ಒಬ್ಬಳು ರೇಗಿಸಿದಳು. ಎಲ್ಲರೂ ನಕ್ಕರು.

"ಅಮ್ಮ, ನೀನೊಂದ್ಸಲ ತೋರ್ಸು" ಅಂದಳು ಮೇಘನಾ.

ತೋರಿಸಿದೆ. ದಿನಾ ಮಾಡುವುದೇ ಅಲ್ಲವೇ — ಬೆರಳು ಸ್ವಲ್ಪ ಬಾಗಿ, ಅಂಗೈ ಬಟ್ಟಲಾಗಿ, ಮೊಣಕೈ ಮೈಗೆ ಒತ್ತಿ. ಬಳೆ ಬಿಚ್ಚಿಸಿದರು. ಸೆರಗು ಹೊದೆಸಿದರು. ಕೂತೆ. ಕೂತಾಗ ನನ್ನ ಕಣ್ಣ ಮುಂದೆ ಇದ್ದವಳು ಅಕ್ಕನೇ. ಅವಳ ಕತ್ತು ಬಾಗುತ್ತಿದ್ದ ರೀತಿ, ದನಿ ಕೊನೆಗೆ ಇಳಿಯುತ್ತಿದ್ದ ರೀತಿ — ಎಲ್ಲ ಹಾಗೆ ಹಾಗೇ ಬಂತು. ನಾನು ಪಿಸುಗುಟ್ಟಿ ಮುಗಿಸಿದ್ದೇ ಎಲ್ಲ ಹುಡುಗಿಯರೂ ಒಟ್ಟಿಗೆ ಕಿರುಚಿ ಬಂದು ತಬ್ಬಿಕೊಂಡರು. "ಆಂಟಿ, ನೀವ್ ಭಯಂಕರ ಕಣ್ರೀ!" ಮುಖ ಕಾಣುವುದಿಲ್ಲ, ಹೆಸರು ಹಾಕುವುದು ಬೇಡ, ನಮ್ಮವರು ಏನಾದರೂ ಅಂದಾರು ಎಂದೆ. ಅವರೂ ಒಪ್ಪಿದರು.

ಚಿತ್ರ ಹಬ್ಬಿತು. ಯಾರ್ಯಾರೋ ಬರೆದದ್ದನ್ನು ನಾನು ಚಾಪೆಯ ಮೇಲೆ ಮಲಗಿ ಒಂದೊಂದಾಗಿ ಓದಿದೆ. ನನ್ನ ಅಡುಗೆಗೆ, ನನ್ನ ಪೂಜೆಗೆ, ನಾನು ಬದುಕಿದ್ದಕ್ಕೆ ಯಾರೂ ಯಾವತ್ತೂ ಅಷ್ಟು ಮಾತು ಬರೆದಿರಲಿಲ್ಲ. ಹುಚ್ಚಿ ಎಂದು ಬರೆದಿದ್ದರು, ಪಿಶಾಚಿ ಎಂದೂ ಬರೆದಿದ್ದರು. ನನಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಗುಬ್ಬಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಗೆ ಕಾಯುತ್ತಾ ಹೆಂಗಸರೆಲ್ಲ ಕೂತಿದ್ದೆವು. ಆ ಮನೆಯ ಸೊಸೆ ಮೊಬೈಲ್ ಹಿಡಿದು ಬಂದಳು. "ನಮ್ ಮೇಘನಾ ಮಾಡಿರೋ ಪಿಚ್ಚರ್ ನೋಡಿದ್ರಾ? ನಾನಂತೂ ಹೆದ್ರಿ ಸತ್ತೋದೆ!" ಮೊಬೈಲ್ ಕೈಯಿಂದ ಕೈಗೆ ಹೋಯಿತು. ಅಕ್ಕನ ಕೈಗೂ ಹೋಯಿತು. ನಾನು ಎದ್ದು ಕಸಿದುಕೊಳ್ಳಬಹುದಿತ್ತು. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಕೂತೆ.

ಅಕ್ಕ ಪೂರ್ತಿ ನೋಡಿದಳು. ಕೊನೆಯ ಮಾತು ಸಣ್ಣಗೆ ನನಗೂ ಕೇಳಿಸಿತು. ಮೊಬೈಲನ್ನು ಆ ಹುಡುಗಿಗೆ ಕೊಟ್ಟು, "ಚೆನ್ನಾಗೈತೆ" ಎಂದಳು. ಊಟಕ್ಕೆ ಕೂತಳು. ಎಲೆಯಲ್ಲಿ ಹಾಕಿದ್ದನ್ನೆಲ್ಲ ತಿಂದಳು. ಕೈ ತೊಳೆಯುವಲ್ಲಿ, ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಕೇಳಿದಳು:

"ಮೇಘನಾಗೆ ಯಾರೇ ಹೇಳಿದ್ದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ಅಂದಳು: "ನೀನಂತೂ ಅಲ್ಲ ಬುಡು. ಲಿಂಗ ಮುಟ್ಟಿ ಹೇಳ್ದೋಳು ನೀನು. ನಿನ್ ಮೇಲೆ ಅನುಮಾನ ಪಟ್ರೆ ನನ್ ನಾಲ್ಗೆ ಸೇದೋಗ್ಲಿ."

ಅಲ್ಲಿ ಹೇಳಬೇಕಿತ್ತು. ಅವಳ ಆ ಮಾತು ಮುಗಿಯುವ ಮೊದಲೇ — ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಭಾವ ಏನಾದ್ರೂ ಅಂದಿರ್ಬೇಕು ಅಕ್ಕ. ಮೇಘನಾ ದಸರಾ ರಜಕ್ಕೆ ನಿಮ್ಮನೇಲೇ ಇದ್ಳಲ್ಲ."

ಯಾವ ದೆವ್ವವೂ ನನ್ನಿಂದ ಹೇಳಿಸಲಿಲ್ಲ. ನಾನೇ ಹೇಳಿದೆ. ಎಷ್ಟು ಸಲೀಸಾಗಿ ಬಂತು ಅಂದರೆ, ಮೊದಲೇ ಒಳಗೆ ತಯಾರಾಗಿತ್ತೇನೋ.

ಅಕ್ಕ ನಲ್ಲಿ ನಿಲ್ಲಿಸಿದಳು. "ಇವ್ರಾ?" ಅಂದಳು. ಸ್ವಲ್ಪ ಹೊತ್ತು ತನ್ನ ಒದ್ದೆ ಕೈಯನ್ನೇ ನೋಡಿದಳು. "ಹಂಗಾರೆ... ನಿದ್ದೆ ಮಾಡ್ತಿರ್ನಿಲ್ವಾ ಇವ್ರು."

ಮುಂದಿನ ವಾರವೇ ಅವಳು ಅಯ್ಯನೋರನ್ನು ಕರೆಸಿ, ಆ ಲಿಂಗವನ್ನು ಹೊಲದ ಮೂಲೆಯ ಮಣ್ಣಿಗೆ ಒಪ್ಪಿಸಿದಳೆಂದು ಗೊತ್ತಾಯಿತು. ಶಾಸ್ತ್ರದ ಪ್ರಕಾರ ಯಾವತ್ತೋ ಆಗಬೇಕಿದ್ದ ಕೆಲಸ. ಅಯ್ಯನೋರೂ ಹಾಗೇ ಅಂದರಂತೆ. ನಾನೂ ನನಗೆ ಹಾಗೇ ಹೇಳಿಕೊಂಡೆ — ಒಳ್ಳೆಯದೇ ಆಯಿತು, ನನ್ನಿಂದಾಗಿ ಆಗಬೇಕಾದದ್ದು ಆಯಿತು. ಇಂಥ ಸಮಾಧಾನ ಹುಡುಕುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸ. ಅಕ್ಕನನ್ನು ಫೋನಿನಲ್ಲಿ ಕೇಳಿದೆ. "ಇನ್ಯಾಕೆ ಇಟ್ಕಳ್ಲಿ. ನಗೋರ ಮುಂದೆ" ಎಂದಳು. ಭಾವನ ಬಗ್ಗೆ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಫೋನು ಇಡುವಾಗ, "ನೀನೊಬ್ಳಾದ್ರೂ ಇದ್ದೀಯಲ್ಲ" ಅಂದಳು. ಆ ಮಾತಿನ ಮೇಲೆ ನಾನು ವರ್ಷಗಟ್ಟಲೆ ಮಲಗಿ ಎದ್ದಿದ್ದೇನೆ.

ಹೆದರಿಕೆಯ ಚಿತ್ರ ನೋಡುವುದು ಅಲ್ಲಿಗೆ ನಿಂತಿತು. ದೊಡ್ಡ ವ್ರತವೇನೂ ಅಲ್ಲ. ನೋಡಲು ಕೂತರೆ ಹೆದರಿಕೆಯೇ ಆಗುತ್ತಿರಲಿಲ್ಲ, ಅಷ್ಟೇ. ಬಾಗಿಲಾಚೆ ಇರುವವಳ ಕಥೆ ಏನಿರಬಹುದು, ಇದನ್ನು ಯಾರು ಯಾರಿಗೆ ಹೇಳಿರಬಹುದು ಎಂದೇ ಮನಸ್ಸು ಹೋಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಭಾವ ನಮ್ಮ ಮನೆಗೆ ಬಂದರು. ಅಂಗಡಿಯಲ್ಲಿ ಮೋಟಾರು ರಿಪೇರಿಗೆ ಬಿಟ್ಟು ಊಟಕ್ಕೆಂದು ಒಬ್ಬರೇ ಬಂದದ್ದು. ನಮ್ಮ ಭಾವ ಅಂದರೆ ಮೊದಲು ನಗಿಸಿ ನಗಿಸಿ ಹೊಟ್ಟೆ ನೋಯಿಸುವವರು. "ಏನಮ್ಮ ಗೌರಿ, ನನ್ ತಮ್ಮನ್ ಬಿಪಿಗೆ ನಾನ್ಯಾಕೆ ಉಪ್ಪಿಲ್ದಂಗೆ ಉಣ್ಬೇಕು?" ಎಂದು ಶುರುಮಾಡುತ್ತಿದ್ದವರು. ಅವತ್ತು ಸಾರಿಗೆ ನಾನು ಉಪ್ಪೇ ಹಾಕಿರಲಿಲ್ಲ, ಮರೆತಿದ್ದೆ. ಅವರು ಮಾತಾಡದೆ ಉಂಡರು. ಮುದ್ದೆಯ ಕೊನೆಯ ತುತ್ತು ಕೈಯಲ್ಲೇ ಹಿಡಿದು ಹೇಳಿದರು:

"ನಿಮ್ಮಕ್ಕ ನನ್ ಕೂಡೆ ಮಾತು ಬುಟ್ಟವ್ಳೆ ಕಣಮ್ಮ. ಇವತ್ತಲ್ಲ ನೆನ್ನೆಯಲ್ಲ. ಉಣ್ಣಾಕಿಕ್ತಾಳೆ. ಇನ್ನೊಂದ್ ಬೇಕಾ ಅಂತ ಕೇಳಲ್ಲ, ತಟ್ಟೆ ನೋಡಿ ಇಕ್ತಾಳೆ. ನಾನೇನೇ ಮಾಡ್ದೆ ಅಂದ್ರೆ, ನಿಮ್ಗೇ ಗೊತ್ತು ಅಂತಾಳೆ. ನಂಗ್ ಗೊತ್ತಿಲ್ಲ. ನೀನಂದ್ರೆ ಅವ್ಳಿಗೆ ಜೀವ. ನೀನಾದ್ರೂ ಒಸಿ ಕೇಳು."

ನಾನು ಸೌಟು ಕೆಳಗಿಟ್ಟೆ. ಅಲ್ಲೇ ಅವರ ಎದುರಿಗೆ ನೆಲದ ಮೇಲೆ ಕೂತೆ. ಹೇಳಿದೆ — ಚಿತ್ರ, ಕೈ, ದನಿ, ನಲ್ಲಿಯ ಹತ್ತಿರ ಆಡಿದ ಸುಳ್ಳು, ಎಲ್ಲ.

ಅವರು ಬೈಯಲಿಲ್ಲ. ಕೈ ಒಣಗುವವರೆಗೂ ತಟ್ಟೆ ನೋಡುತ್ತ ಕೂತರು. ಆಮೇಲೆ ಅಂದರು: "ಆ ಲಿಂಗದ ವಿಚಾರ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು. ದಿನಾ ಅವ್ಳಿಗಿಂತ ಮುಂಚೇನೇ ಎಚ್ರ ಆಗದು ನಂಗೆ. ಕಣ್ ಮುಚ್ಕಂಡು ಗ್ವಾಡೆ ಕಡೆ ತಿರುಗಿರ್ತಿದ್ದೆ. ನಾನ್ ಎದ್ರೆ ಅವ್ಳು ನಿಲ್ಲಿಸ್ಬುಡ್ತಾಳೆ ಅಂತ." ತಟ್ಟೆ ಪಕ್ಕಕ್ಕೆ ಸರಿಸಿ, "ಅದು ನಂದೂ ಮಗಾನೇ ಅಲ್ವೇನಮ್ಮ. ಅವ್ಳು ಕರೀತಿದ್ಳು, ನಾನು ಮಲಗೇ ಕೇಳಿಸ್ಕತಿದ್ದೆ" ಎಂದರು.

ನಾನು ಸುಳ್ಳಿಗೆ ಆರಿಸಿಕೊಂಡದ್ದು ಎಂಥವರನ್ನು — ಯೋಚಿಸಿ. ಆ ಮನೆಯಲ್ಲಿ ಆ ಹೆಸರಿಲ್ಲದ ಮಗುವನ್ನು ಕರೆಯುವುದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದ ಇನ್ನೊಬ್ಬ ಮನುಷ್ಯನನ್ನು.

ಅಕ್ಕನಿಗೆ ಹೇಳಲು ನಾಳೆಯೇ ಬರುತ್ತೇನೆ ಎಂದೆ. ಅವರು ಎದ್ದು ನಿಂತರು. "ಬ್ಯಾಡ. ಹೇಳ್ಬ್ಯಾಡ. ನೀನೂ ಹೋದ್ರೆ ಅವ್ಳಿಗೆ ಯಾರವ್ರೆ? ನಾನ್ ಗಂಡ, ಹೆಂಗೋ ಬಿದ್ದಿರ್ತೀನಿ. ಹಿಂಗೇ ಇರ್ಲಿ ಬುಡು." ಕೈ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಹೋದರು.

ಹಾಗೇ ಇರಲಿ ಎನ್ನುವುದು ಎಷ್ಟು ಸುಲಭವಾಗಿತ್ತು! ನನ್ನ ತಪ್ಪು ಹೊತ್ತವರೇ ಹೊತ್ತುಕೊಂಡಿರುತ್ತೇನೆ ಅನ್ನುತ್ತಿದ್ದಾರೆ. ಕೆಲವು ದಿನ ಹಾಗೆಯೇ ಇದ್ದೆ — ಅದನ್ನೂ ಬರೆಯದೆ ಬಿಡಬಾರದು. ಬೆಳಿಗ್ಗೆ ಪೂಜೆಗೆ ಕೂತರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಕೊನೆಗೊಂದು ದಿನ ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟು ಬಸ್ಸು ಹತ್ತಿದೆ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. "ಬಾರೇ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ" ಎಂದು ನಕ್ಕಳು. ಆ ನಗು ಇರುವಾಗಲೇ ಹೇಳಿದೆ. ಕೂತುಕೊಂಡರೆ ಧೈರ್ಯ ಹೋಗುತ್ತದೆಂದು ನಿಂತೇ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ಕಾಯಿ ಸುಲಿಯುತ್ತಲೇ ಇತ್ತು.

"ಕೈ ನಿಂದಾ?"

"ಹೂಂ ಅಕ್ಕ."

"ದನೀನೂ?"

"ಹೂಂ."

"ಇವ್ರು ಅಂದಿದ್ದು?"

"ಸುಳ್ಳು. ಭಾವ ಯಾರ್ಗೂ ಏನೂ ಹೇಳಿಲ್ಲ. ಅವ್ರಿಗೆ ಎಲ್ಲಾ ಗೊತ್ತಿತ್ತಂತೆ ಅಕ್ಕ. ನೀನು ನಿಲ್ಲಿಸ್ಬಿಡ್ತೀಯ ಅಂತ ದಿನಾ ನಿದ್ದೆ ಬಂದವ್ರ ಹಾಗೆ ಮಲಗಿರ್ತಿದ್ರಂತೆ."

ಅಲ್ಲಿ ಕೈ ನಿಂತಿತು. ನನಗೆ ಬೈಯುತ್ತಾಳೆ ಎಂದು ಕಾದೆ. ಅವಳು ನನ್ನನ್ನು ನೋಡಲೇ ಇಲ್ಲ. ದೂರದಲ್ಲಿ, ಹೊಲದ ಕಡೆ ನೋಡುತ್ತ, ತನಗೇ ಹೇಳಿಕೊಳ್ಳುವ ದನಿಯಲ್ಲಿ ಅಂದಳು: "ಮಣ್ಣಿಗಾಕ್ಬುಟ್ನಲ್ಲ... ಇವ್ರು ನಗ್ತಾರೆ ಅನ್ಕಂಡು ಮಣ್ಣಿಗಾಕ್ಬುಟ್ನಲ್ಲ."

ಕ್ಷಮಿಸು ಅಂದೆ. ಆ ಮಾತನ್ನು ಅವಳು ಸಿಪ್ಪೆಯ ಜೊತೆ ಪಕ್ಕಕ್ಕೆ ತಳ್ಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಯಾರ್ಯಾರು ಅದ್ನ ನೋಡಿ ಹೆದ್ರಿದ್ರೋ ಅವ್ರಿಗೆಲ್ಲ ಹೇಳು. ನನ್ ಹೆಸ್ರು ಬ್ಯಾಡ. ಅಲ್ಲಿ ಹೆದ್ರೋಂಥದ್ದು ಏನೂ ಇರ್ನಿಲ್ಲ ಅಂತ ಹೇಳು. ಮಗೀನ ಎಬ್ಬಿಸ್ತಿದ್ಳು ಅಂತ ಹೇಳು." ಆಮೇಲೆ, "ಬಸ್ ಬರೋ ಹೊತ್ತಾಯ್ತು. ಹೊರಡು" ಎಂದಳು. ನೀರು ಕುಡಿ ಎನ್ನಲಿಲ್ಲ. ಆ ಮನೆಯಿಂದ ನೀರು ಕುಡಿಯದೆ ನಾನು ಯಾವತ್ತೂ ಹೊರಟಿರಲಿಲ್ಲ.

ಮೇಘನಾಗೂ ಹೇಳಿದೆ. "ಅದು ದೊಡ್ಡಮ್ಮನಾ ಅಮ್ಮ?" ಎಂದು ಕೇಳಿದವಳೇ ಚಿತ್ರವನ್ನು ತೆಗೆದುಹಾಕಿದಳು. ಆದರೆ ಬೇರೆಯವರು ಇಳಿಸಿಟ್ಟುಕೊಂಡದ್ದು ಇನ್ನೂ ಓಡಾಡುತ್ತಲೇ ಇದೆ, ಅದನ್ನು ತಡೆಯುವುದು ಅವಳ ಕೈಯಲ್ಲೂ ಇಲ್ಲ. ಆದ್ದರಿಂದಲೇ ಇದನ್ನು ಬರೆದೆ. ಬರೆದು ಕಳಿಸುವ ಮೊದಲು ಭಾವನಿಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ, ಅಕ್ಕನಿಗೆ ತಿಳಿಸಲಿ ಎಂದು. ಎರಡು ದಿನ ಬಿಟ್ಟು ಅವರೇ ಮಾಡಿದರು.

"ಕಳಿಸ್ಬೇಕಂತೆ ಕಣಮ್ಮ" ಎಂದರು. ದನಿಯಲ್ಲಿ ಹಳೆಯ ಸಲಿಗೆ ಚೂರು ಬಂದಿತ್ತು. "ಈಗ ಮಾತಾಡ್ತಾಳೆ. ಮಾತೇನು, ಬೈಗುಳ. ಹೊಲ್ದಿಂದ ಕೆಸರು ಕಾಲಲ್ಲಿ ಬಂದೆ ಅಂತ ಈಗಿನ್ನೂ ಉಗುದ್ಲು ನೋಡು."

ಹಿಂದಿನಿಂದ ಅಕ್ಕನ ದನಿ ಕೇಳಿತು. "ಯಾರ್ರೀ ಅದು?"

"ತುಮಕೂರಿಂದ."

ಪಾತ್ರೆ ಇಟ್ಟ ಸದ್ದು. ಆಮೇಲೆ, "ಸಾರು ಆರೋಯ್ತದೆ, ಬನ್ನಿ."

ಭಾವ ಫೋನು ಇಡಲಿಲ್ಲ. ಅಕ್ಕನಿಗೆ ಫೋನು ಕೊಡಿ ಎಂದು ನಾನು ಕೇಳಲಿ ಎಂದು ಕಾದರೋ ಏನೋ. ನಾನು ಕೇಳಲಿಲ್ಲ. "ಹೋಗಿ ಭಾವ, ಊಟ ಮಾಡಿ" ಎಂದೆ.